ಬಾಡಿಗೆ ಮನೆ, ಸಾಲದ ಕಂತು, ಇಂಧನ ಉಳಿತಾಯ: 9ನೇ ತರಗತಿಗೆ ಒಂದು ಮಾದರಿ ಪಾಠ

ಪೀಠಿಕೆ

ಬೋಧನಾಭ್ಯಾಸದ ದಿನಗಳಲ್ಲಿ ಇಂಧನ ಸಂರಕ್ಷಣೆಯ ಮೇಲಿನ ಪಾಠಯೋಜನೆಗಳು ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತವೆ. ಬಹುಪಾಲು ಯೋಜನೆಗಳು ಮುಗಿಯುವುದು ಒಂದೇ ವಾಕ್ಯದಿಂದ: "ಇಂಧನ ಉಳಿಸಿದರೆ ಹಣ ಉಳಿಯುತ್ತದೆ." ವಾಕ್ಯ ಸುಳ್ಳಲ್ಲ. ಆದರೆ ಯಾರ ಹಣ, ಎಷ್ಟು ಹಣ, ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಅದು ಮುಟ್ಟುವುದೇ ಇಲ್ಲ. ನಾವು ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಾಡಿಗೆ ಮನೆಗಳಿಂದ ಬರುತ್ತಾರೆ. ಅವರ ಮಟ್ಟಿಗೆ ಈ ಮೂರು ಪ್ರಶ್ನೆಗಳೇ ಮುಖ್ಯ. ನಾಳೆ ಇವರೇ ಕಂತಿನ ಕರಾರಿಗೆ ಸಹಿ ಹಾಕುವವರು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನಿಗೆ ಕಾಗದ ಓದಿ ಹೇಳುವವರು ಇವರೇ.

ಆದ್ದರಿಂದ ಈ ವರ್ಷ ಪ್ರಶಿಕ್ಷಣಾರ್ಥಿಗಳ ಮುಂದೆ ನಾನು ನೀಡಿದ ಮಾದರಿ ಪಾಠಕ್ಕೆ ಸಾಲದ ಮೇಲೆ ನಡೆಯುವ ಮನೆ ಇಂಧನ ಉಳಿತಾಯ ಯೋಜನೆಯನ್ನೇ ವಿಷಯವಾಗಿ ಆರಿಸಿಕೊಂಡೆ. ಉದಾಹರಣೆಗೆ ತೆಗೆದುಕೊಂಡದ್ದು ಬ್ರಿಟನ್ನಿನ "ಗ್ರೀನ್ ಡೀಲ್". ಅಷ್ಟು ದೂರದ ಉದಾಹರಣೆ ಏಕೆ ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ಎರಡು ಕಾರಣಗಳಿವೆ. ನಮ್ಮ ಊರಿನ ಯೋಜನೆಯ ಹೆಸರೆತ್ತಿದರೆ ಮಕ್ಕಳು ಲೆಕ್ಕಕ್ಕೆ ಮೊದಲೇ ಪರ, ವಿರೋಧ ಎಂದು ಹಂಚಿಹೋಗುತ್ತಾರೆ. ದೂರದ ಉದಾಹರಣೆ ಲೆಕ್ಕ ಮಾಡುವಷ್ಟು ಸಮಾಧಾನ ಕೊಡುತ್ತದೆ. ಎರಡನೆಯದಾಗಿ, ಗ್ರೀನ್ ಡೀಲ್ ಶುರುವಾಗಿ, ಮುಗಿದು, ಲೆಕ್ಕಪರಿಶೋಧನೆಯೂ ಆದ ಯೋಜನೆ. ಅದರ ಆಶಯ ಮತ್ತು ಫಲಿತಾಂಶ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಕಲಿಕಾ ಉದ್ದೇಶಗಳು

ಎರಡು ಅವಧಿಗಳ ಪಾಠದ ಕೊನೆಗೆ ವಿದ್ಯಾರ್ಥಿಯು
1. ಅಂದಾಜು ಉಳಿತಾಯ ಮತ್ತು ನಿಜವಾದ ಉಳಿತಾಯದ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವನು/ಳು.
2. ಸಾಲದ ವಾರ್ಷಿಕ ಕಂತು ಮತ್ತು ವಾರ್ಷಿಕ ಉಳಿತಾಯವನ್ನು ಹೋಲಿಸಿ ಲಾಭ ನಷ್ಟ ಲೆಕ್ಕ ಹಾಕುವನು/ಳು.
3. ಒಂದೇ ಯೋಜನೆ ಒಂದು ಕುಟುಂಬಕ್ಕೆ ಲಾಭ, ಇನ್ನೊಂದಕ್ಕೆ ನಷ್ಟ ಆಗುವುದಕ್ಕೆ ಕಾರಣ ವಿವರಿಸುವನು/ಳು.

ಪೂರ್ವಜ್ಞಾನವಾಗಿ ಶೇಕಡಾ, ಸರಳ ಬಡ್ಡಿ ಮತ್ತು ವಿದ್ಯುತ್ ಯೂನಿಟ್‌ನ ಅರ್ಥ ತಿಳಿದಿದ್ದರೆ ಸಾಕು.

ವಿಷಯ ನಿರೂಪಣೆ

ಮೊದಲು ಮಕ್ಕಳಿಗೆ ಸಮಸ್ಯೆಯನ್ನು ಇಟ್ಟೆ. ಬ್ರಿಟನ್ ಚಳಿಯ ದೇಶ. ಅಲ್ಲಿ ಮನೆಯ ಇಂಧನ ಖರ್ಚಿನ ದೊಡ್ಡ ಪಾಲು ಹೋಗುವುದು ಮನೆ ಬೆಚ್ಚಗಿಡಲು. ಗೋಡೆಗೆ, ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಕಿಸಿದರೆ ಖರ್ಚು ತಗ್ಗುತ್ತದೆ. ಆದರೆ ಬಾಡಿಗೆ ಮನೆಯಲ್ಲಿ ಒಂದು ತೊಡಕಿದೆ. ಹೊದಿಕೆಯ ಹಣ ಕೊಡಬೇಕಾದವರು ಮಾಲೀಕರು, ಬಿಲ್ ಕಡಿಮೆಯಾಗುವುದು ಬಾಡಿಗೆದಾರರಿಗೆ. ಹಾಗಾಗಿ ಮಾಲೀಕರಿಗೆ ಆಸಕ್ತಿ ಇಲ್ಲ. ಬಾಡಿಗೆದಾರರು ತಾವೇ ಹಾಕಿಸೋಣವೆಂದರೆ ಎರಡು ವರ್ಷಕ್ಕೆ ಮನೆ ಬಿಡುವವರು ಇನ್ನೊಬ್ಬರ ಗೋಡೆಗೆ ಏಕೆ ದುಡ್ಡು ಸುರಿಯಬೇಕು?

ಈ ಗಂಟನ್ನು ಬಿಡಿಸಲು 2011ರ ಇಂಧನ ಕಾಯ್ದೆಯ ಮೂಲಕ ಒಂದು ಉಪಾಯ ಮಾಡಿದರು. 2013ರ ಜನವರಿಯಲ್ಲಿ ಅದು ಜಾರಿಗೆ ಬಂತು. ಸಾಲವನ್ನು ಮನುಷ್ಯನ ಹೆಸರಿಗೆ ಬರೆಯದೆ ಮನೆಯ ವಿದ್ಯುತ್ ಮೀಟರಿಗೆ ಕಟ್ಟಿದರು. ಯಾರು ಆ ಮನೆಯಲ್ಲಿ ವಾಸವಾಗಿ ವಿದ್ಯುತ್ ಬಿಲ್ ಕಟ್ಟುತ್ತಾರೋ ಅವರೇ ಬಿಲ್ಲಿನ ಜೊತೆಗೆ ಕಂತನ್ನೂ ಕಟ್ಟುವುದು. ಮನೆ ಬಿಟ್ಟುಹೋದರೆ ಮುಂದೆ ಬರುವವರು ಮುಂದುವರಿಸುವುದು. ಲಾಭ ಪಡೆಯುವವರೇ ಹಣ ಕಟ್ಟುತ್ತಾರೆ ಎಂಬುದು ಇದರ ಹಿಂದಿನ ತರ್ಕ. ಬಾಡಿಗೆದಾರರಿಗೆ ರಕ್ಷಣೆಯಾಗಿ "ಸುವರ್ಣ ನಿಯಮ" ಎಂಬುದನ್ನು ಇಟ್ಟರು: ಕಂತಿನ ಮೊತ್ತವು ಅಂದಾಜು ಉಳಿತಾಯವನ್ನು ಮೀರಕೂಡದು.

ಇಲ್ಲಿ ಪಾಠ ನಿಲ್ಲಿಸಿ, "ಈ ನಿಯಮ ಇದ್ದ ಮೇಲೆ ಬಾಡಿಗೆದಾರರಿಗೆ ನಷ್ಟ ಆಗಲು ಸಾಧ್ಯವೇ?" ಎಂದು ಕೇಳಿದೆ. ಇಡೀ ತರಗತಿ "ಇಲ್ಲ" ಎಂದಿತು. ಉತ್ತರವನ್ನು ಸರಿ, ತಪ್ಪು ಎನ್ನದೆ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಮಾತ್ರ, "ಮಿಸ್, ನಾವು ಮನೆ ಬದಲಾಯಿಸಿ ಅಲ್ಲಿಗೆ ಹೋದ್ರೆ, ಮಾಡದೇ ಇರೋ ಸಾಲ ನಾವು ಕಟ್ಬೇಕಾ?" ಎಂದಳು. ಹೌದು, ಕಟ್ಟಬೇಕಿತ್ತು. ಸಾಲ ಮಾಡುವಾಗ ಮನೆಯಲ್ಲಿದ್ದ ಬಿಲ್ ಕಟ್ಟುವವರ ಒಪ್ಪಿಗೆ ಬೇಕಿತ್ತು; ಆಮೇಲೆ ಬರುವವರಿಗೆ ಮಾಲೀಕರು ಮೊದಲೇ ತಿಳಿಸಬೇಕಿತ್ತು. ತಿಳಿಸುವುದು ಬೇರೆ, ಆಯ್ಕೆ ಕೊಡುವುದು ಬೇರೆ. ಈ ವ್ಯತ್ಯಾಸವನ್ನು ಆ ಹುಡುಗಿಯೇ ತರಗತಿಗೆ ವಿವರಿಸಿದಳು: "ಮನೆ ಬೇಕೇಬೇಕು ಅಂದ್ರೆ ಒಪ್ಕೋಲೇಬೇಕು."

ಚಟುವಟಿಕೆ 1: ಒಂದೇ ಮನೆ, ಮೂರು ಕುಟುಂಬ

ತರಗತಿಯನ್ನು ಆರು ಗುಂಪು ಮಾಡಿ ಈ ಲೆಕ್ಕ ಕೊಟ್ಟೆ. ಅಂಕಿಗಳು ಪಾಠಕ್ಕೆಂದು ನಾನು ಇಟ್ಟುಕೊಂಡವು. ಬಡ್ಡಿಯ ದರ ಮಾತ್ರ ಗ್ರೀನ್ ಡೀಲ್ ಸಾಲಗಳಲ್ಲಿ ಇದ್ದದ್ದಕ್ಕೆ ಹತ್ತಿರದ್ದು.

ಹೊದಿಕೆಯ ಖರ್ಚು 3,000 ಪೌಂಡ್. ಬಡ್ಡಿ ಶೇ 7. ಅವಧಿ 20 ವರ್ಷ. ಸಮಾನ ಕಂತಾದರೆ ವರ್ಷಕ್ಕೆ ಸುಮಾರು 283 ಪೌಂಡ್. ಅಂದಾಜು ಉಳಿತಾಯ ವರ್ಷಕ್ಕೆ 300 ಪೌಂಡ್.

ಕಂತಿನ ಸೂತ್ರ ಈ ತರಗತಿಗೆ ಭಾರವಾದ್ದರಿಂದ 283 ಎಂಬುದನ್ನು ನಾನೇ ಕೊಟ್ಟೆ. ಎರಡು ಗುಂಪುಗಳು ಸರಳ ಬಡ್ಡಿಯ ಸೂತ್ರ ಹಾಕಿ ಒಟ್ಟು 7,200 ಪೌಂಡ್ ಎಂದವು. ಪ್ರಶಿಕ್ಷಣಾರ್ಥಿಗಳು ಈ ಹಂತವನ್ನು ಅವಸರದಲ್ಲಿ ದಾಟಬಾರದು. ಕಂತು ಕಟ್ಟುತ್ತ ಹೋದಂತೆ ಅಸಲು ಕರಗುತ್ತದೆ, ಉಳಿದ ಅಸಲಿಗೆ ಮಾತ್ರ ಬಡ್ಡಿ ಬೀಳುತ್ತದೆ ಎಂದು ಮೊದಲ ಎರಡು ವರ್ಷದ ಲೆಕ್ಕವನ್ನಾದರೂ ಹಲಗೆಯ ಮೇಲೆ ಮಾಡಿ ತೋರಿಸಬೇಕು. ಮೊದಲ ವರ್ಷದ ಬಡ್ಡಿ 210, ಕಟ್ಟಿದ್ದು 283, ಅಸಲಿನಲ್ಲಿ ಇಳಿದದ್ದು 73. ಎರಡನೇ ವರ್ಷ ಬಡ್ಡಿ 2,927 ಪೌಂಡಿಗೆ. ಹೀಗೆ 20 ವರ್ಷಕ್ಕೆ ಒಟ್ಟು ಕಟ್ಟುವುದು ಸುಮಾರು 5,660 ಪೌಂಡ್.

283 ಎಂಬುದು 300ಕ್ಕಿಂತ ಕಡಿಮೆ. ಸುವರ್ಣ ನಿಯಮ ಪಾಸಾಯಿತು. ಈಗ ಅದೇ ಮನೆಗೆ ಒಬ್ಬರ ನಂತರ ಒಬ್ಬರಂತೆ ಮೂರು ಕುಟುಂಬಗಳನ್ನು ತಂದೆ.

ಮೊದಲನೆಯದು ಇಡೀ ದಿನ ಮನೆಯಲ್ಲೇ ಇದ್ದು ಎಲ್ಲ ಕೋಣೆಗಳನ್ನೂ ಬೆಚ್ಚಗಿಡುವ ಕುಟುಂಬ. ನಿಜ ಉಳಿತಾಯ 360 ಪೌಂಡ್. ವರ್ಷಕ್ಕೆ 77 ಪೌಂಡ್ ಲಾಭ.

ಎರಡನೆಯದು ಹಣ ಸಾಲದೆ ಒಂದೇ ಕೋಣೆ ಕಾಯಿಸಿಕೊಂಡು ಬದುಕುವ ಕುಟುಂಬ. ಅಂದಾಜಿಗಿಂತ ಶೇ 30 ಕಡಿಮೆ ಇಂಧನ ಬಳಸುತ್ತದೆ. ಆದ್ದರಿಂದ ಉಳಿತಾಯವೂ ಶೇ 30 ಕಡಿಮೆ, ಅಂದರೆ 210 ಪೌಂಡ್. ವರ್ಷಕ್ಕೆ 73 ಪೌಂಡ್ ನಷ್ಟ.

ಮೂರನೆಯದು ಇಷ್ಟು ದಿನ ನಡುಗುತ್ತಿದ್ದು, ಹೊದಿಕೆ ಬಂದ ಮೇಲೆ ಇನ್ನೊಂದು ಕೋಣೆಯನ್ನೂ ಬೆಚ್ಚಗಿಡಲು ಶುರುಮಾಡಿದ ಕುಟುಂಬ. ಹಣದ ಉಳಿತಾಯ 120 ಪೌಂಡ್ ಮಾತ್ರ. ವರ್ಷಕ್ಕೆ 163 ಪೌಂಡ್ ಕೈಯಿಂದ ಹೋಗುತ್ತದೆ, ಬದಲಿಗೆ ಬೆಚ್ಚನೆಯ ಮನೆ ಸಿಗುತ್ತದೆ.

ಹಲಗೆಯ ಮೂಲೆಯಲ್ಲಿದ್ದ "ಇಲ್ಲ" ಎಂಬ ಉತ್ತರವನ್ನು ಅಳಿಸಲು ಒಬ್ಬ ಹುಡುಗ ತಾನೇ ಎದ್ದು ಬಂದ. ಏಕೆ ಎಂದು ಕೇಳಿದ್ದಕ್ಕೆ, "ಆ ರೂಲ್ಸು ಅಂದಾಜಿಗೆ ಮಿಸ್, ಬಿಲ್ಲಿಗಲ್ಲ" ಎಂದ. ಈ ಪಾಠದ ತಿರುಳು ಇದೇ. ಸುವರ್ಣ ನಿಯಮವು ಸಾಮಾನ್ಯ ಕುಟುಂಬವೊಂದರ ಬಳಕೆಯನ್ನು ಊಹಿಸಿ ಹಾಕಿದ ಅಂದಾಜನ್ನು ಆಧರಿಸಿತ್ತು. ಉಳಿತಾಯಕ್ಕೆ ಅದು ಖಾತರಿಯಾಗಿರಲಿಲ್ಲ. ಎರಡನೇ ಕುಟುಂಬ ನನ್ನ ಕಲ್ಪನೆಯಾದರೂ ಅಪರೂಪದ್ದಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವು ಜರ್ಮನಿಯ ಸುಮಾರು 3,400 ಮನೆಗಳ ಅಂಕಿಗಳನ್ನು ನೋಡಿ, ಮನೆಗಳ ನಿಜ ಬಳಕೆ ಲೆಕ್ಕಾಚಾರದ ಬಳಕೆಗಿಂತ ಸರಾಸರಿ ಶೇ 30ರಷ್ಟು ಕಡಿಮೆ ಇರುವುದನ್ನು ಕಂಡಿತು. ಶಾಖ ಹೆಚ್ಚು ಸೋರುವ ಮನೆಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಸುಡದ ಇಂಧನವನ್ನು ಉಳಿಸಲು ಆಗುವುದಿಲ್ಲ. ಬಡತನದಿಂದ ಈಗಾಗಲೇ ಮಿತವಾಗಿ ಬಳಸುವವರಿಗೆ ಉಳಿಸಲು ಉಳಿದಿರುವುದೇ ಕಡಿಮೆ. ಕಂತು ಮಾತ್ರ ಎಲ್ಲರಿಗೂ ಒಂದೇ.

ಮೂರನೇ ಕುಟುಂಬದ ಬಗ್ಗೆ ಗುಂಪುಗಳಲ್ಲಿ ಒಮ್ಮತ ಬರಲಿಲ್ಲ. "ನಷ್ಟವೇ" ಎಂದವರೂ ಇದ್ದರು, "ಮಗುವಿಗೆ ಶೀತ, ಕೆಮ್ಮು ಕಡಿಮೆಯಾದರೆ ಅದು ಲಾಭ ಅಲ್ವಾ?" ಎಂದವರೂ ಇದ್ದರು. ಇಲ್ಲಿ ಶಿಕ್ಷಕರು ತೀರ್ಪು ಕೊಡಬೇಕಿಲ್ಲ. ಬೆಚ್ಚಗಿನ ಮನೆ ನಿಜವಾದ ಲಾಭವೇ. ಆದರೆ "ಹಣ ಉಳಿಯುತ್ತದೆ" ಎಂದು ಹೇಳಿ ಬೆಚ್ಚಗಿನ ಮನೆ ಕೊಟ್ಟರೆ, ಕೊಟ್ಟ ಮಾತು ಬೇರೆ, ಸಿಕ್ಕಿದ್ದು ಬೇರೆ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯುವುದನ್ನು ಕಲಿಸಿದರೆ ಸಾಕು.

ಚಟುವಟಿಕೆ 2: ಕ್ಯಾಲೆಂಡರ್ ಲೆಕ್ಕ

ವರ್ಷದ ಲೆಕ್ಕದಲ್ಲಿ ಕಾಣದ ಒಂದು ಸಂಗತಿ ತಿಂಗಳ ಲೆಕ್ಕದಲ್ಲಿ ಕಾಣುತ್ತದೆ. ಬ್ರಿಟನ್ನಿನ ಬಹುಪಾಲು ಮನೆಗಳು ಬೆಚ್ಚಗಾಗುವುದು ಅನಿಲದಿಂದ. ಹಾಗಾಗಿ ಉಳಿತಾಯ ಬರುವುದು ಅನಿಲದ ಬಿಲ್ಲಿನಲ್ಲಿ, ಅದೂ ಚಳಿಗಾಲದಲ್ಲಿ. ಕಂತು ಬೀಳುವುದು ವಿದ್ಯುತ್ ಬಿಲ್ಲಿನಲ್ಲಿ, ವರ್ಷವಿಡೀ, ದಿನದ ಲೆಕ್ಕದಲ್ಲಿ. 283 ಪೌಂಡನ್ನು 365ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 78 ಪೆನ್ಸ್. ಜೂನ್, ಜುಲೈ, ಆಗಸ್ಟ್ ಸೇರಿ 92 ದಿನ. ಆ ಮೂರು ತಿಂಗಳಲ್ಲಿ ಮನೆ ಕಾಯಿಸುವ ಕೆಲಸವೇ ಇರುವುದಿಲ್ಲ. ಉಳಿತಾಯ ಸೊನ್ನೆಯ ಹತ್ತಿರ, ಕಂತು ಸುಮಾರು 71 ಪೌಂಡ್.

ಅಲ್ಲಿನ ಬಾಡಿಗೆದಾರರಲ್ಲಿ ಅನೇಕರ ಮನೆಯಲ್ಲಿ ಇರುವುದು ಮೊದಲು ಹಣ ಹಾಕಿ ನಂತರ ಬಳಸುವ ಮೀಟರ್. "ಮೊಬೈಲ್ ರೀಚಾರ್ಜ್ ಥರ" ಎಂದು ಮಕ್ಕಳೇ ಹೋಲಿಕೆ ಕೊಟ್ಟರು. ರೀಚಾರ್ಜ್ ಮಾಡಿದ ಹಣದಿಂದ ದಿನವೂ ಕಂತು ಕಡಿತವಾಗುತ್ತ ಹೋದರೆ ಏನಾಗುತ್ತದೆ ಎಂದು ಕೇಳಿದೆ. "ಬೇಗ ಖಾಲಿ ಆಗುತ್ತೆ." ವಾರದ ಕೂಲಿಯಲ್ಲಿ ಬದುಕುವ ಮನೆಗೆ ವರ್ಷದ ಕೊನೆಯಲ್ಲಿ ಲೆಕ್ಕ ಸರಿಹೋಗುತ್ತದೆ ಎಂಬ ಸಮಾಧಾನ ಸಾಲದು ಎಂಬುದು ಅವರಿಗೆ ವಿವರಣೆಯಿಲ್ಲದೆ ಅರ್ಥವಾಯಿತು.

ಚಟುವಟಿಕೆ 3: ಬಡ್ಡಿಯನ್ನು ತೆಗೆದು ನೋಡುವುದು

ಮುಂದಿನ ಪ್ರಶ್ನೆ: ಸಾಲಕ್ಕೆ ಬಡ್ಡಿಯೇ ಇಲ್ಲದಿದ್ದರೆ? 3,000 ಭಾಗಿಸು 20, ವರ್ಷಕ್ಕೆ 150 ಪೌಂಡ್. ಆಗ 73 ಪೌಂಡ್ ಕಳೆದುಕೊಳ್ಳುತ್ತಿದ್ದ ಎರಡನೇ ಕುಟುಂಬಕ್ಕೆ 60 ಪೌಂಡ್ ಲಾಭ. ಮೂರನೇ ಕುಟುಂಬದ ಹೊರೆ 163ರಿಂದ 30ಕ್ಕೆ ಇಳಿಯುತ್ತದೆ. ಹೊದಿಕೆ ಅದೇ, ಗೋಡೆ ಅದೇ, ಚಳಿ ಅದೇ. ಬದಲಾದದ್ದು ಬಡ್ಡಿ ಮಾತ್ರ. ಹೊದಿಕೆ ಹಾಕುವುದು ಒಳ್ಳೆಯದೋ ಎಂಬ ಪ್ರಶ್ನೆಯೂ, ಈ ಸಾಲದ ಮೇಲೆ ಹಾಕುವುದು ಒಳ್ಳೆಯದೋ ಎಂಬ ಪ್ರಶ್ನೆಯೂ ಬೇರೆ ಬೇರೆ ಎಂದು ಇಲ್ಲಿ ಸ್ಪಷ್ಟವಾಗುತ್ತದೆ.

ಚುರುಕಿನ ಗುಂಪಿಗೆ ಒಂದು ಹೆಚ್ಚುವರಿ ಲೆಕ್ಕ: ಅನಿಲದ ಬೆಲೆ ಶೇ 40 ಏರಿದರೆ ಎರಡನೇ ಕುಟುಂಬದ ಉಳಿತಾಯ 210ರಿಂದ 294ಕ್ಕೆ ಏರುತ್ತದೆ, ಕಂತನ್ನು ಮೀರುತ್ತದೆ. ಹಾಗಾದರೆ ಆ ಕುಟುಂಬಕ್ಕೆ ಖುಷಿಯೇ? ಅವರ ಒಟ್ಟು ಬಿಲ್ ಕೂಡ ಏರಿರುತ್ತದೆಯಲ್ಲ! ಉಳಿತಾಯ ಎಂಬುದು ಕಣ್ಣಿಗೆ ಕಾಣುವ ಮೊತ್ತವಲ್ಲ. ಬಂದ ಬಿಲ್ಲನ್ನು, ಹೊದಿಕೆ ಇಲ್ಲದಿದ್ದರೆ ಬರಬಹುದಾಗಿದ್ದ ಬಿಲ್ಲಿನೊಂದಿಗೆ ಹೋಲಿಸಿ ಪಡೆಯುವ ಮೊತ್ತ. ಈ ಸೂಕ್ಷ್ಮ ಎಲ್ಲ ಮಕ್ಕಳಿಗೂ ಒಂದೇ ದಿನ ಹತ್ತಬೇಕೆಂದು ಹಟ ಬೇಡ.

ಫಲಿತಾಂಶ ಏನಾಯಿತು?

ಎರಡನೇ ಅವಧಿಯಲ್ಲಿ ಯೋಜನೆಯ ಕಥೆ ಮುಗಿಸಿದೆ. 2015ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಗ್ರೀನ್ ಡೀಲ್ ಸಾಲ ಸಂಸ್ಥೆಗೆ ಹಣ ಕೊಡುವುದನ್ನು ನಿಲ್ಲಿಸಿತು. 2016ರ ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ವರದಿ ಕೊಟ್ಟಿತು: ಸಾಲ ಪಡೆದ ಮನೆಗಳು ಸುಮಾರು 14,000 ಮಾತ್ರ, ಪ್ರೋತ್ಸಾಹ ಧನವೂ ಸೇರಿ ತೆರಿಗೆದಾರರಿಗೆ ಬಿದ್ದ ಖರ್ಚು 24 ಕೋಟಿ ಪೌಂಡ್. ಭಾಗಿಸಲು ಮಕ್ಕಳಿಗೇ ಬಿಟ್ಟೆ. ಒಂದು ಸಾಲಕ್ಕೆ ಸುಮಾರು 17,000 ಪೌಂಡ್. "ಅಷ್ಟರಲ್ಲಿ ಸಾಲ ಇಲ್ಲದೇನೇ ಐದು ಮನೆಗೆ ಹಾಕಿಸಬಹುದಿತ್ತು" ಎಂದು ನಮ್ಮ 3,000ದ ಲೆಕ್ಕ ಹಿಡಿದು ಒಂದು ಗುಂಪು ಹೇಳಿತು.

ಮುಂದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾರವನ್ನು ಮಾಲೀಕರ ಕಡೆಗೆ ಸರಿಸಿದರು. ಮನೆಗಳಿಗೆ ಇಂಧನ ದಕ್ಷತೆಯಲ್ಲಿ 'ಎ'ಯಿಂದ 'ಜಿ'ವರೆಗೆ ದರ್ಜೆ ಇರುತ್ತದೆ. 2018ರ ಏಪ್ರಿಲ್ 1ರಿಂದ 'ಇ'ಗಿಂತ ಕೆಳಗಿನ ಖಾಸಗಿ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ ಎಂಬ ನಿಯಮ ಬಂತು. ಕೆಲವು ವಿನಾಯಿತಿಗಳೂ ಇವೆ.

ಮಾಲೀಕರು ಖರ್ಚು ಮಾಡಿದರೆ ಬಾಡಿಗೆದಾರರು ಗೆದ್ದಂತೆ ಎಂದು ಮಕ್ಕಳು ತೀರ್ಮಾನಿಸುವ ಮೊದಲು ಜರ್ಮನಿಯ ಉದಾಹರಣೆ ಕೊಟ್ಟೆ. ಅಲ್ಲಿ ಮಾಲೀಕರು ಮನೆ ಆಧುನೀಕರಿಸಿದರೆ ಖರ್ಚಿನ ಶೇ 8ನ್ನು ವಾರ್ಷಿಕ ಬಾಡಿಗೆಗೆ ಸೇರಿಸಬಹುದು. 2019ಕ್ಕೆ ಮೊದಲು ಅದು ಶೇ 11 ಇತ್ತು. ಏರಿಕೆಗೆ ಚದರ ಮೀಟರಿನ ಲೆಕ್ಕದಲ್ಲಿ ಮಿತಿಯೂ ಇದೆ. 10,000 ಯೂರೋ ಖರ್ಚಾದರೆ ವರ್ಷಕ್ಕೆ 800 ಯೂರೋ ಬಾಡಿಗೆ ಹೆಚ್ಚು. ಹನ್ನೆರಡೂವರೆ ವರ್ಷಕ್ಕೆ ಮಾಲೀಕರ ಖರ್ಚು ಹುಟ್ಟುತ್ತದೆ. ಏರಿದ ಬಾಡಿಗೆ ಆಮೇಲೂ ಇಳಿಯುವುದಿಲ್ಲ. "ನಮ್ಮ ಓನರ್ ಸಂಪು ಕಟ್ಟಿಸಿ ಬಾಡಿಗೆ ಜಾಸ್ತಿ ಮಾಡಿದ್ರು, ಹಂಗೇ ಇದು" ಎಂದ ಹುಡುಗನ ಮಾತಿಗೆ ತರಗತಿ ನಕ್ಕಿತು. ಹೋಲಿಕೆ ಮಾತ್ರ ಸರಿಯಾಗಿಯೇ ಇತ್ತು.

ನಮ್ಮ ಮನೆಗೆ ಬಂದಾಗ

ಕೊನೆಯ ಹದಿನೈದು ನಿಮಿಷ ನಮ್ಮ ನೆಲಕ್ಕೆ ಮೀಸಲು. ಬಿಲ್ಲಿನ ಜೊತೆ ಕಂತು ಕಟ್ಟುವ ಉಪಾಯ ನಮ್ಮಲ್ಲೂ ಬಂದಿತ್ತು. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ಕೆಲವೆಡೆ ಎಲ್‌ಇಡಿ ಬಲ್ಬಿನ ಬೆಲೆಯನ್ನು ವಿದ್ಯುತ್ ಬಿಲ್ಲಿನಲ್ಲಿ ಕಂತಾಗಿ ಕಟ್ಟಬಹುದಿತ್ತು. ಮಕ್ಕಳು ಲೆಕ್ಕ ಹಾಕಿದರು: 60 ವ್ಯಾಟ್ ಬಲ್ಬ್ ತೆಗೆದು 9 ವ್ಯಾಟ್‌ನದು ಹಾಕಿ, ದಿನಕ್ಕೆ 4 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 6 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಎಂದುಕೊಂಡರೆ 36 ರೂಪಾಯಿ. 100 ರೂಪಾಯಿ ಬಲ್ಬಿನ ಬೆಲೆ ಮೂರು ತಿಂಗಳಿಗೆ ತೀರುತ್ತದೆ. ಸಾಲ ಚಿಕ್ಕದು, ಅವಧಿ ಚಿಕ್ಕದು, ಮನೆ ಬಿಡುವಾಗ ಬಲ್ಬು ಬಿಚ್ಚಿಕೊಂಡು ಹೋಗಬಹುದು. ಗೋಡೆಯ ಹೊದಿಕೆಯನ್ನು ಬಿಚ್ಚಿಕೊಂಡು ಹೋಗಲಾಗದು.

ಆಗ ಬಂತು ಆ ದಿನದ ಒಳ್ಳೆಯ ಪ್ರಶ್ನೆ: "ನಮಗೆ ಗೃಹಜ್ಯೋತಿ ಇದೆ ಮಿಸ್, ಬಿಲ್ ಸೊನ್ನೆ. ನಮಗೇನು ಉಳಿಯುತ್ತೆ?" 2023ರಲ್ಲಿ ಜಾರಿಯಾದ ಮೂಲ ನಿಯಮದಂತೆ, 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ಯೂನಿಟ್, 200ರ ಮಿತಿಯೊಳಗೆ, ಉಚಿತ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ; 200 ದಾಟಿದರೆ ಪೂರ್ತಿ ಬಿಲ್. ಈ ನಿಯಮ ಇಟ್ಟುಕೊಂಡು ಹಲಗೆಯ ಮೇಲೆ ಮೂರು ಮನೆ ಬರೆದೆವು. ಸರಾಸರಿ 80, ಉಚಿತ 88 ಯೂನಿಟ್ ಇರುವ ಮನೆ 84 ಬಳಸಿದರೆ ಬಲ್ಬಿನಿಂದ ಉಳಿಯುವ ಹಣ ಸೊನ್ನೆ. ಅದೇ ಅರ್ಹತೆಯ ಇನ್ನೊಂದು ಮನೆ 94 ಬಳಸುತ್ತಿದ್ದರೆ ಆ 6 ಯೂನಿಟ್‌ನ ಹಣ ಪೂರ್ತಿ ಉಳಿಯುತ್ತದೆ. ಸರಾಸರಿ 185 ಇದ್ದು ಈ ತಿಂಗಳು 203 ಬಳಸುವ ಮನೆಯಲ್ಲಿ ಅದೇ 6 ಯೂನಿಟ್ ಇಳಿದು 197 ಆದರೆ ಇಡೀ ಬಿಲ್ಲೇ ಇಲ್ಲ. ಒಂದೇ ಬಲ್ಬು, ಮೂರು ಉತ್ತರ. ಒಂದೇ ಮೀಟರಿನಲ್ಲಿ ನಾಲ್ಕು ಸಂಸಾರ ಇರುವ ವಠಾರದಲ್ಲಿ ಲೆಕ್ಕ ಇನ್ನೂ ಬೇರೆ. ಅದನ್ನು ಮನೆಗೆಲಸಕ್ಕೆ ಕೊಟ್ಟೆ.

ಮೌಲ್ಯಮಾಪನ

1. 4,000 ಪೌಂಡ್ ಸಾಲಕ್ಕೆ ವಾರ್ಷಿಕ ಕಂತು 378 ಪೌಂಡ್, ಅಂದಾಜು ಉಳಿತಾಯ 400. ಕುಟುಂಬದ ನಿಜ ಉಳಿತಾಯ ಅಂದಾಜಿನ ಶೇ 80. ಲಾಭವೋ ನಷ್ಟವೋ, ಎಷ್ಟು?
2. "ಸರಾಸರಿ ಕುಟುಂಬಕ್ಕೆ ಉಳಿತಾಯವಾಗುತ್ತದೆ" ಎಂಬ ಜಾಹೀರಾತು ಓದಿ ಬಾಡಿಗೆದಾರರು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.
3. ಹಣ ಉಳಿಯದಿದ್ದರೂ ಒಂದು ಯೋಜನೆ ಒಳ್ಳೆಯದಾಗಿರಬಹುದೇ? ಕಾರಣ ಕೊಡಿ.

ಮೊದಲ ಪ್ರಶ್ನೆಗೆ 58 ಪೌಂಡ್ ನಷ್ಟ ಎಂಬ ಉತ್ತರ ಬಹುತೇಕ ಎಲ್ಲರಿಂದ ಬಂತು. ಎರಡನೆಯದಕ್ಕೆ ಬಂದ ಪ್ರಶ್ನೆಗಳಲ್ಲಿ ನನಗೆ ಹಿಡಿಸಿದ ಮೂರು: "ಆ ಸರಾಸರಿ ಕುಟುಂಬ ಎಷ್ಟು ಯೂನಿಟ್ ಸುಡುತ್ತದೆ, ನಾವು ಎಷ್ಟು?" "ಬಡ್ಡಿ ಸೇರಿ ಒಟ್ಟು ಎಷ್ಟು?" "ನಾವು ಮನೆ ಬಿಟ್ಟ ಮೇಲೆ ಏನು?"

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಮಾಡುವವರಿಗೆ ಮೂರು ಸೂಚನೆಗಳು. ಒಂದು, ಯಾವ ಮಗುವಿನ ಮನೆಯ ಬಿಲ್ಲನ್ನೂ ತರಗತಿಯಲ್ಲಿ ತೋರಿಸಲು ಹೇಳಬೇಡಿ. ಬಿಲ್ಲಿನಲ್ಲಿ ಮನೆಯ ಸ್ಥಿತಿ ಕಾಣುತ್ತದೆ. ಕಲ್ಪಿತ ಮನೆಗಳೇ ಸಾಕು, ಮಕ್ಕಳು ತಮ್ಮ ಮನೆಯನ್ನು ತಾವೇ ಹೊಂದಿಸಿಕೊಳ್ಳುತ್ತಾರೆ. ಎರಡು, ಇಂಧನ ಉಳಿತಾಯವೇ ಮೋಸ ಎಂಬ ಭಾವನೆಯೊಂದಿಗೆ ಮಕ್ಕಳು ಹೊರಗೆ ಹೋಗಬಾರದು. ಮೊದಲ ಕುಟುಂಬಕ್ಕೆ ನಿಜವಾಗಿಯೂ ಲಾಭವಾಯಿತು. ಬಡ್ಡಿ ತೆಗೆದಾಗ ಎರಡನೆಯದಕ್ಕೂ ಆಯಿತು. ಮೂರು, ಘೋಷಣೆಯಿಂದ ಪಾಠ ಮುಗಿಸಬೇಡಿ, ಲೆಕ್ಕದಿಂದ ಮುಗಿಸಿ. ಸಾಲದ ಮೇಲಿನ ಯೋಜನೆ ಬಾಡಿಗೆದಾರರ ಹಣ ಉಳಿಸುತ್ತದೆಯೇ ಎಂದು ಯಾರಾದರೂ ಕೇಳಿದರೆ, "ಯಾವ ಬಾಡಿಗೆದಾರರು, ಎಷ್ಟು ಬಡ್ಡಿ, ಎಷ್ಟು ವರ್ಷ?" ಎಂದು ಮರುಪ್ರಶ್ನೆ ಹಾಕುವ ಮಗು ಈ ಪಾಠವನ್ನು ಕಲಿತಿದೆ ಎಂದು ಗುರುತು ಮಾಡಿಕೊಳ್ಳಬಹುದು.